ಒಂದು ಗಂಟೆ ಯಾರೊಡನೆ?



ಒಂದು ಆಟದ ಪ್ರಶ್ನೆಯಿಂದ ಆರಂಭಿಸೋಣ. ಬದುಕಿರುವವರಲ್ಲಾಗಲಿ, ಕಾಲವಾದವರಲ್ಲಾಗಲಿ, ಯಾರಾದರೂ ಒಬ್ಬರೊಡನೆ ಒಂದು ಗಂಟೆ ಕುಳಿತು ಮಾತನಾಡುವ ಅವಕಾಶ ನಿಮಗೆ ದೊರೆಯಿತೆನ್ನಿ. ಯಾರನ್ನು ಆರಿಸಿಕೊಳ್ಳುವಿರಿ?

ತರಗತಿಯಲ್ಲಿ ಈ ಪ್ರಶ್ನೆ ಹಾಕಿದರೆ ಗಾಂಧೀಜಿ, ಬುದ್ಧ, ಬಸವಣ್ಣ, ಐನ್‌ಸ್ಟೈನ್ ಎಂಬ ಹೆಸರುಗಳು ಥಟ್ಟನೆ ಬರುತ್ತವೆ. ಒಳ್ಳೆಯದೇ. ಆದರೆ ಮರುಪ್ರಶ್ನೆ ಹಾಕಿ ನೋಡಿ: ಅವರನ್ನು ಏನು ಕೇಳುವಿರಿ? ಆಗ ತರಗತಿ ಮೌನವಾಗುತ್ತದೆ. ಹೆಸರು ಹೇಳುವುದು ಸುಲಭ, ಪ್ರಶ್ನೆ ಸಿದ್ಧಮಾಡುವುದು ಕಷ್ಟ. ಇತಿಹಾಸದ ಅಧ್ಯಯನವೆಂದರೆ ಬಹುಮಟ್ಟಿಗೆ ಈ ಸಿದ್ಧತೆಯೇ.

ಈ ಆಟವನ್ನು ಕಲಬುರಗಿ ಜಿಲ್ಲೆಯ ತೆಂಗಳಿಯಲ್ಲಿ ಕುಳಿತು ಆಡೋಣ. ದೂರದ ಊರುಗಳಿಗೆ ಹೋಗುವುದೇ ಬೇಡ. ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್, ಚಿಂಚೋಳಿಗಳ ನಡುವಿನ ಈ ಸೀಮೆ ಇಂದು ಸಿಮೆಂಟಿಗೆ, ಶಹಾಬಾದ್ ಕಲ್ಲಿಗೆ, ತೊಗರಿಗೆ ಹೆಸರಾಗಿದೆ. ಒಂದು ಸಾವಿರ ವರ್ಷಗಳ ಹಿಂದೆ ಇದು ವಿದ್ಯೆಗೆ ಹೆಸರಾದ ನೆಲವಾಗಿತ್ತು.

ಮೊದಲು ನೆನಪಾಗುವವನು ರಾಷ್ಟ್ರಕೂಟ ಚಕ್ರವರ್ತಿ ಅಮೋಘವರ್ಷ ನೃಪತುಂಗ. ಅವನ ರಾಜಧಾನಿ ಮಾನ್ಯಖೇಟವೇ ಇಂದಿನ ಸೇಡಂ ತಾಲೂಕಿನ ಮಳಖೇಡ. ಕಾಗಿಣಾ ನದಿಯ ದಡದಲ್ಲಿ ಕೋಟೆಯ ಅವಶೇಷಗಳನ್ನು ಇಂದಿಗೂ ಕಾಣಬಹುದು. ಕನ್ನಡದಲ್ಲಿ ಇಂದು ನಮಗೆ ಸಿಕ್ಕಿರುವ ಗ್ರಂಥಗಳಲ್ಲೆಲ್ಲ ಹಳೆಯದಾದ ಕವಿರಾಜಮಾರ್ಗ 9ನೆಯ ಶತಮಾನದಲ್ಲಿ ಅವನ ಆಸ್ಥಾನದಲ್ಲಿ ರಚಿತವಾಯಿತು. ಅವನನ್ನು ಭೇಟಿಯಾದರೆ ಹೆಮ್ಮೆಪಡಬಹುದು, ಕೈಮುಗಿಯಬಹುದು. ಆದರೆ ಅರಸನೆದುರು ನಿಂತವರು ಸಾಮಾನ್ಯವಾಗಿ ಪ್ರಶ್ನೆ ಕೇಳುವುದಿಲ್ಲ, ಹೊಗಳುತ್ತಾರೆ. ಒಂದು ಗಂಟೆ ಹೊಗಳಿಕೆಯಲ್ಲಿಯೇ ಕಳೆದುಹೋದೀತು.

ಚಿತ್ತಾಪುರದ ಬಳಿ ನಾಗಾವಿ ಇದೆ. ಅಲ್ಲಿನ ಘಟಿಕಾಸ್ಥಾನ 11ನೆಯ ಶತಮಾನದ ದೊಡ್ಡ ವಿದ್ಯಾಕೇಂದ್ರ. ಗ್ರಂಥಗಳನ್ನು ಕಾಯಲೆಂದೇ ಸರಸ್ವತೀ ಭಂಡಾರಿಗರು ಅಲ್ಲಿದ್ದರೆಂದು ಶಾಸನ ಹೇಳುತ್ತದೆ. ನಿಮ್ಮ ವಯಸ್ಸಿನ ಒಬ್ಬ ವಿದ್ಯಾರ್ಥಿಯನ್ನು ಅಲ್ಲಿಂದ ಕರೆದು ಮಾತನಾಡಿಸಬಹುದಿತ್ತು. ಆದರೆ ನಾನು ಇನ್ನೂ ಮುಂದೆ ಹೋಗಿ, ಶಹಾಬಾದ್ ಸಮೀಪದ ಮರ್ತೂರಿನ ಬಾಗಿಲು ತಟ್ಟುತ್ತೇನೆ. ವಿಜ್ಞಾನೇಶ್ವರನ ಊರು ಅದೆಂದು ವಿದ್ವಾಂಸರು ಗುರುತಿಸಿದ್ದಾರೆ.

ವಿಜ್ಞಾನೇಶ್ವರ ಯಾರು? ಕಲ್ಯಾಣದ ಚಾಲುಕ್ಯ ಅರಸ ಆರನೆಯ ವಿಕ್ರಮಾದಿತ್ಯನ (1076–1126) ಕಾಲದ ಪಂಡಿತ, ಪದ್ಮನಾಭ ಭಟ್ಟನ ಮಗ. ಯಾಜ್ಞವಲ್ಕ್ಯ ಸ್ಮೃತಿಗೆ ಆತ ಬರೆದ ಸಂಸ್ಕೃತ ವ್ಯಾಖ್ಯಾನದ ಹೆಸರು ಮಿತಾಕ್ಷರಾ. ಮಿತವಾದ ಅಕ್ಷರಗಳುಳ್ಳದ್ದು ಎಂದು ಅದರ ಅರ್ಥ. ಕೇವಲ ಒಂದು ಗಂಟೆಯ ಮಾತುಕತೆಗೆ ಇಂಥ ಮಿತಭಾಷಿಯೇ ತಕ್ಕವನು!

ನೀವು ಕೇಳಬಹುದು: ಒಂಬೈನೂರು ವರ್ಷಗಳ ಹಿಂದಿನ ಸಂಸ್ಕೃತ ವ್ಯಾಖ್ಯಾನಕ್ಕೂ ನಮಗೂ ಏನು ಸಂಬಂಧ? ಸಂಬಂಧ ನಿಮ್ಮ ಹೊಲದಲ್ಲಿಯೇ ಇದೆ. ಅಜ್ಜನ ಹೊಲ ಮೊಮ್ಮಗನಿಗೆ ಹೇಗೆ ಬರುತ್ತದೆ, ಪಾಲಾಗುವಾಗ ಯಾರಿಗೆ ಎಷ್ಟು ಎಂಬ ವ್ಯಾಜ್ಯಗಳನ್ನು ಭಾರತದ ಬಹುಭಾಗದಲ್ಲಿ ಶತಮಾನಗಳ ಕಾಲ ಈ ಗ್ರಂಥದ ಆಧಾರದಿಂದಲೇ ತೀರ್ಮಾನಿಸಲಾಯಿತು. ಬಂಗಾಳದಲ್ಲಿ ಮಾತ್ರ ಜೀಮೂತವಾಹನನ ದಾಯಭಾಗವೆಂಬ ಗ್ರಂಥ ಮುಖ್ಯವಾಗಿ ನಡೆಯಿತು. ಅದರ ಪ್ರಕಾರ ತಂದೆ ತೀರಿಕೊಂಡ ಮೇಲಷ್ಟೇ ಮಗನಿಗೆ ಹಕ್ಕು. ವಿಜ್ಞಾನೇಶ್ವರ ಹೇಳಿದ್ದು ಬೇರೆ: ಪಿತ್ರಾರ್ಜಿತ ಆಸ್ತಿಯಲ್ಲಿ ಮಗನಿಗೆ ಹುಟ್ಟಿನಿಂದಲೇ ಹಕ್ಕು. ತೊಟ್ಟಿಲಲ್ಲಿ ಮಲಗಿದ ಕೂಸಿಗೂ ಅಜ್ಜನ ಹೊಲದಲ್ಲಿ ಪಾಲುಂಟು. ತಂದೆಯಾದವನು ಅದನ್ನು ಮನಬಂದಂತೆ ಮಾರಿ ಮಕ್ಕಳನ್ನು ಬೀದಿಗೆ ಹಾಕುವಂತಿಲ್ಲ.

ಈಗ ಮರ್ತೂರಿನಲ್ಲಿ ಕುಳಿತಿದ್ದೇವೆಂದುಕೊಳ್ಳಿ. ಆತನ ಗ್ರಂಥ ಸಂಸ್ಕೃತದಲ್ಲಿದ್ದರೂ ಆ ಕಾಲದ ಕಲ್ಯಾಣದ ಶಾಸನಗಳು ಹೆಚ್ಚಾಗಿ ಕನ್ನಡದಲ್ಲಿವೆ. ಆದ್ದರಿಂದ ಹಳಗನ್ನಡದಲ್ಲಿ ತಡವರಿಸುತ್ತಲಾದರೂ ಮಾತನಾಡಿಸಬಹುದು.

ನನ್ನ ಮೊದಲ ಪ್ರಶ್ನೆ: "ಸ್ವಾಮಿ, ನಿಮ್ಮ ಗ್ರಂಥದ ಕೊನೆಯ ಒಕ್ಕಣೆಯಲ್ಲಿ ನಿಮ್ಮನ್ನು ಪರಿವ್ರಾಜಕ, ಅಂದರೆ ಎಲ್ಲವನ್ನೂ ತೊರೆದ ಸಂನ್ಯಾಸಿ ಎಂದು ಕರೆದಿದೆ. ಏನೂ ಬೇಡವೆಂದ ನೀವು ಇನ್ನೊಬ್ಬರ ಆಸ್ತಿಯ ಪಾಲಿನ ಬಗ್ಗೆ ಇಷ್ಟೊಂದು ಏಕೆ ಬರೆದಿರಿ?" ಬಹುಶಃ ಪಾಲಿನಲ್ಲಿ ಆಸೆಯಿಲ್ಲದವನೇ ಪಾಲು ಹಂಚಲು ಯೋಗ್ಯನೆಂದು ಆತ ನಕ್ಕಾನು. ಇದು ನನ್ನ ಊಹೆ ಮಾತ್ರ.

ಎರಡನೆಯ ಪ್ರಶ್ನೆಗೆ ಊಹೆ ಬೇಕಿಲ್ಲ, ಉತ್ತರ ಗ್ರಂಥದಲ್ಲಿಯೇ ಇದೆ. ಸ್ತ್ರೀಧನ ಎಂದರೇನು? ತಂದೆ, ತಾಯಿ, ಗಂಡ, ಅಣ್ಣತಮ್ಮಂದಿರು ಕೊಟ್ಟದ್ದು ಮುಂತಾಗಿ ಯಾಜ್ಞವಲ್ಕ್ಯ ಸ್ಮೃತಿ ಪಟ್ಟಿಮಾಡುತ್ತದೆ. ಆ ಪಟ್ಟಿಯ ಕೊನೆಯಲ್ಲಿ 'ಆದ್ಯ', ಅಂದರೆ 'ಮೊದಲಾದವು' ಎಂಬ ಒಂದು ಪುಟ್ಟ ಪದವಿದೆ. ವಿಜ್ಞಾನೇಶ್ವರ ಆ ಪದವನ್ನೇ ಹಿಡಿದುಕೊಂಡ. ಹೆಣ್ಣಿಗೆ ಉತ್ತರಾಧಿಕಾರದಿಂದ ಬಂದದ್ದು, ಆಕೆ ಕೊಂಡದ್ದು, ಪಾಲಿನಲ್ಲಿ ಪಡೆದದ್ದು ಎಲ್ಲವೂ ಸ್ತ್ರೀಧನವೇ ಎಂದ. ಗಂಡುಮಕ್ಕಳಿಲ್ಲದೆ, ಕುಟುಂಬದಿಂದ ಬೇರೆಯಾಗಿದ್ದು ಸತ್ತವನ ಆಸ್ತಿ ಮೊದಲು ಹೆಂಡತಿಗೆ, ಆಮೇಲೆ ಹೆಣ್ಣುಮಕ್ಕಳಿಗೆ ಎಂದು ವಾದಿಸಿದ. ಮದುವೆಯಾಗದ ಮಗಳಿಗೆ ಮದುವೆಯ ಖರ್ಚಷ್ಟೇ ಅಲ್ಲ, ಮಗನ ಪಾಲಿನ ಕಾಲುಭಾಗ ಸಲ್ಲಬೇಕೆಂದ. ಒಂದು ಪದವನ್ನು ವಿಸ್ತಾರವಾಗಿ ಓದಿದರೆ ಎಷ್ಟೋ ಬದುಕುಗಳು ವಿಸ್ತಾರವಾಗುತ್ತವೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಕೆ?

ಹಾಗೆಯೇ ಒಂದು ಪದವನ್ನು ಕಿರಿದಾಗಿಯೂ ಓದಬಹುದು. ಬ್ರಿಟಿಷರು ಹಿಂದೂಗಳ ಉತ್ತರಾಧಿಕಾರದ ಮೊಕದ್ದಮೆಗಳನ್ನು ಶಾಸ್ತ್ರಗಳಂತೆ ತೀರ್ಮಾನಿಸಲು ಹೊರಟಾಗ ಕೋಲ್‌ಬ್ರೂಕ್ ಎಂಬ ವಿದ್ವಾಂಸ ಮಿತಾಕ್ಷರಾದ ದಾಯವಿಭಾಗವನ್ನು ಇಂಗ್ಲಿಷಿಗೆ ತಂದು 1810ರಲ್ಲಿ ಪ್ರಕಟಿಸಿದ. ಆದರೆ ಹೆಣ್ಣಿಗೆ ಉತ್ತರಾಧಿಕಾರದಿಂದ ಬಂದ ಆಸ್ತಿ ಸ್ತ್ರೀಧನವೆಂಬ ಮಾತನ್ನು ಲಂಡನ್ನಿನ ಪ್ರಿವಿ ಕೌನ್ಸಿಲ್ ಒಪ್ಪಲಿಲ್ಲ. ಮರ್ತೂರಿನ ಪಂಡಿತ ತೆರೆದ ಬಾಗಿಲನ್ನು ಬಹುದೂರದ ನ್ಯಾಯಾಲಯ ಮುಚ್ಚಿತು.

ಗಂಟೆ ಮುಗಿಯುತ್ತಾ ಬಂತು. ಈಗ ಕಠಿಣವಾದ ಪ್ರಶ್ನೆ: "ಕೂಸಿಗೆ ಹುಟ್ಟಿನಿಂದಲೇ ಹಕ್ಕು ಎಂದಿರಿ. ಆದರೆ ಆ ಕೂಸು ಹೆಣ್ಣಾದರೆ?" ಇಲ್ಲಿ ಗ್ರಂಥದ ಉತ್ತರ ನಮಗೆ ಸಮಾಧಾನ ಕೊಡುವುದಿಲ್ಲ. ಹುಟ್ಟಿನ ಹಕ್ಕು ಗಂಡುಮಕ್ಕಳದ್ದು. ತನ್ನ ಕಾಲಕ್ಕಿಂತ ಎಷ್ಟೋ ಮುಂದೆ ನಡೆದವನೂ ಒಂದು ಕಡೆ ನಿಂತುಬಿಡುತ್ತಾನೆ. ದೊಡ್ಡವರೊಡನೆ ಮಾತನಾಡುವುದೆಂದರೆ ಅವರು ನಿಂತ ಜಾಗವನ್ನೂ ಕಂಡುಕೊಳ್ಳುವುದು.

ಆ ಪ್ರಶ್ನೆಗೆ ಉತ್ತರ ನಿಧಾನವಾಗಿ ಬಂತು. ಹಿಂದೂ ಸಂಹಿತೆಯ ಮಸೂದೆ ಮುಂದೆ ಸಾಗದ ಕಾರಣಕ್ಕೆ ಡಾ. ಅಂಬೇಡ್ಕರ್ 1951ರಲ್ಲಿ ಮಂತ್ರಿಪದವಿಯನ್ನೇ ಬಿಟ್ಟರು. 1956ರ ಹಿಂದೂ ಉತ್ತರಾಧಿಕಾರ ಕಾಯಿದೆ ಹೆಣ್ಣಿಗೆ ತನ್ನ ಆಸ್ತಿಯ ಪೂರ್ಣ ಒಡೆತನ ನೀಡಿತು. ಹುಟ್ಟಿನ ಹಕ್ಕನ್ನು ಹೆಣ್ಣುಮಕ್ಕಳಿಗೆ ಕರ್ನಾಟಕ 1994ರಲ್ಲಿ ನೀಡಿತು, ಆದರೆ ಆ ಮೊದಲೇ ಮದುವೆಯಾದವರನ್ನು ಹೊರಗಿಟ್ಟಿತು. 2005ರ ಕೇಂದ್ರದ ತಿದ್ದುಪಡಿ ಅದನ್ನು ದೇಶಕ್ಕೆಲ್ಲ ವಿಸ್ತರಿಸಿತು. 2020ರ ಆಗಸ್ಟ್ 11ರಂದು ಸುಪ್ರೀಂ ಕೋರ್ಟು, ಮಗಳ ಹಕ್ಕು ಹುಟ್ಟಿನಿಂದಲೇ ಬರುವುದು, ತಿದ್ದುಪಡಿಯ ದಿನ ತಂದೆ ಬದುಕಿರಲೇಬೇಕೆಂದಿಲ್ಲ ಎಂದು ಸ್ಪಷ್ಟಪಡಿಸಿತು. ಗಮನಿಸಿ: 'ಹುಟ್ಟಿನಿಂದಲೇ' ಎಂಬ ತತ್ತ್ವ ವಿಜ್ಞಾನೇಶ್ವರನು ಎತ್ತಿಹಿಡಿದದ್ದೇ. ಅದು ಮಗನಿಂದ ಮಗಳವರೆಗೆ ನಡೆದುಬರಲು ಒಂಬೈನೂರು ವರ್ಷ ಹಿಡಿಯಿತು.

ಇಷ್ಟಾದರೂ ಒಂದು ಮಾತು ಉಳಿಯಿತು. ಕಾಯಿದೆ ಪುಸ್ತಕದಲ್ಲಿದ್ದರೆ ಸಾಲದು. ಹಕ್ಕು ಬಿಟ್ಟುಕೊಟ್ಟ ಪತ್ರಕ್ಕೆ ಹೆಬ್ಬೆಟ್ಟು ಒತ್ತಿ, "ತವರಿನ ಬಾಗಿಲು ತೆರೆದಿದ್ದರೆ ಸಾಕಪ್ಪಾ" ಎಂದು ಸುಮ್ಮನಾದ ಅಜ್ಜಿಯರು, ಅತ್ತೆಯರು ನಮ್ಮ ಊರುಗಳಲ್ಲಿ ಎಷ್ಟು ಮಂದಿಯಿಲ್ಲ? ಅವರ ಹೆಸರಿನಲ್ಲಿ ಶಾಸನವಿಲ್ಲ, ತಾಮ್ರಪಟವಿಲ್ಲ, ವ್ಯಾಖ್ಯಾನವೂ ಇಲ್ಲ. ವಿಜ್ಞಾನೇಶ್ವರನ ಗ್ರಂಥ ಗ್ರಂಥಾಲಯದಲ್ಲಿ ಇನ್ನೂ ನೂರು ವರ್ಷ ಕಾದಿರುತ್ತದೆ. ಅಜ್ಜಿ ಕಾದಿರುವುದಿಲ್ಲ.

ಆದ್ದರಿಂದ ಆಟದ ಪ್ರಶ್ನೆಗೆ ನನ್ನ ಉತ್ತರ ಇದು: ಸತ್ತವರಲ್ಲಿ ಮರ್ತೂರಿನ ವಿಜ್ಞಾನೇಶ್ವರ, ಬದುಕಿರುವವರಲ್ಲಿ ನಿಮ್ಮದೇ ಮನೆಯ ಹಿರಿಯ ಹೆಂಗಸು. ಮೊದಲನೆಯ ಗಂಟೆ ಕಲ್ಪನೆಯದು. ಎರಡನೆಯದಕ್ಕೆ ಯಾರ ಅಪ್ಪಣೆಯೂ ಬೇಡ, ಈ ಸಂಜೆಯೇ ಸಾಕು. ಹತ್ತಿರ ಕುಳಿತು, ತವರಿನ ಹೊಲದ ಹೆಸರೇನು, ಅದರ ಪಾಲು ಹೇಗಾಯಿತು, ಅಂದು ನಿನ್ನನ್ನು ಯಾರಾದರೂ ಒಂದು ಮಾತು ಕೇಳಿದರೇ ಎಂದು ವಿಚಾರಿಸಿ. ಆಕೆ ಹೇಳಿದ್ದನ್ನು ಆಕೆಯ ಮಾತಿನಲ್ಲಿಯೇ ಬರೆದಿಡಿ.

ಆ ನೋಟುಪುಸ್ತಕದ ಹಾಳೆಯೂ ಇತಿಹಾಸವೇ.