ಏಣು ಕಳೆದು ನುಣುಪಾದ ಕಥೆ

ಕೋಡಿಹಳ್ಳಿಯಿಂದ ಕನಕಪುರ, ರಾಮನಗರಗಳನ್ನು ಹಾಯ್ದು ಚನ್ನಪಟ್ಟಣಕ್ಕೆ ಬಂದವರು ಅಲ್ಲಿಯ ಬೊಂಬೆ ಕಡೆಯುವವರ ಮುಂದೆ ಅರೆಗಳಿಗೆ ನಿಂತು ನೋಡಬೇಕು. ಒಣಗಿದ ಆಲೆಮರದ ಒರಟು ತುಂಡು ಲೇತಿನಲ್ಲಿ ತಿರುಗತೊಡಗಿತೆಂದರೆ ಉಳಿ ಮೊದಲು ತಾಗುವುದು ಏಣುಗಳಿಗೆ. ಏಣು ಕಳೆದಷ್ಟೂ ಮೈ ದುಂಡಾಗುತ್ತ ಬರುತ್ತದೆ. ಆ ಮೇಲೆ ಬಣ್ಣದ ಅರಗನ್ನು ಒತ್ತಿ ತಾಳೆಗರಿಯಿಂದ ಉಜ್ಜಿದರೆ ಹೊಳಪು ತಾನಾಗಿ ಏಳುತ್ತದೆ.

ಗಣಕಯಂತ್ರದಲ್ಲಿ ವಸ್ತುಗಳ ಆಕಾರವನ್ನು ರಚಿಸುವವರು ಇದೇ ಕೆಲಸಕ್ಕೆ ಬಹುಕಾಲ ಹೆಣಗಿದ್ದಾರೆ. ಯಂತ್ರಕ್ಕೆ ಸುಲಭವಾದುದು ಚಪ್ಪಟೆಯ ಮುಖ. ಜನಕ್ಕೆ ಬೇಕಾದುದು ನುಣುಪಾದ ಮೈ. ಹಿಂದೆ ಹಡಗು ಕಟ್ಟುವವರು ತೆಳ್ಳನೆಯ ಮರದ ಪಟ್ಟಿಯನ್ನು ಬಾಗಿಸಿ, ಅಲ್ಲಲ್ಲಿ ತೂಕವಿಟ್ಟು ನಿಲ್ಲಿಸಿ, ಅದರ ಗುಂಟ ಗೆರೆ ಎಳೆಯುತ್ತಿದ್ದರು. ಆ ಬಾಗನ್ನು ಲೆಕ್ಕದಲ್ಲಿ ಹಿಡಿದವರು ಫ್ರಾನ್ಸಿನ ಕಾರು ಕಾರ್ಖಾನೆಗಳವರು. ಸಿಟ್ರೊಯೆನ್ ಸಂಸ್ಥೆಯ ಪಾಲ್ ದ ಕಾಸ್ಟೆಲ್ಜೋ 1959ರಲ್ಲಿಯೇ ಮಾರ್ಗ ಕಂಡಿದ್ದರು. ಸಂಸ್ಥೆ ಅದನ್ನು ಗುಟ್ಟಾಗಿಟ್ಟಿತು. ರೆನೋ ಸಂಸ್ಥೆಯ ಪಿಯೇರ್ ಬೆಜಿಯೆ ತಮ್ಮದನ್ನು ಪ್ರಕಟಿಸಿದರು, ಹೆಸರು ಅವರದಾಯಿತು. ಗುಟ್ಟು ಕಾಯ್ದವರಿಗೆ ಲೋಕ ಕೊಡುವ ಕೂಲಿ ಹೀಗೆ!

1974ರಲ್ಲಿ ಜಾರ್ಜ್ ಚೈಕಿನ್ ಎಂಬವರು ಹೇಳಿದ ಉಪಾಯ ನಮ್ಮ ಬಡಗಿಗೂ ಅರ್ಥವಾಗುವಂಥದು. ಪ್ರತಿ ಬದಿಯ ಎರಡು ತುದಿಗಳಿಂದಲೂ ಕಾಲುಭಾಗದ ಮೇಲೆ ಗುರುತು ಹಾಕಿ, ಮೂಲೆಯನ್ನು ಕತ್ತರಿಸಿಬಿಡಿ. ನಾಲ್ಕು ಮೂಲೆ ಎಂಟಾಯಿತು, ಎಂಟು ಹದಿನಾರಾಯಿತು. ಹೀಗೆಯೇ ಕತ್ತರಿಸುತ್ತ ಹೋದರೆ ಕೊನೆಗೆ ಉಳಿಯುವುದು ನಯವಾದ ಬಾಗು. ಮೂಲೆ ಕತ್ತರಿಸುವ ಇಂಥ ಆಟವನ್ನು ಸ್ವಿಸ್ ಗಣಿತಜ್ಞ ಜಾರ್ಜ್ ದ ರಾಮ್ 1947ರಲ್ಲಿಯೇ ಆಡಿ ನೋಡಿದ್ದರು. 1978ರಲ್ಲಿ ಕ್ಯಾಟ್‌ಮಲ್ ಮತ್ತು ಕ್ಲಾರ್ಕ್ ಒಂದು ಕಡೆ, ಡೂ ಮತ್ತು ಸೇಬಿನ್ ಇನ್ನೊಂದು ಕಡೆ, ಗೆರೆಗೆ ಸಲ್ಲುತ್ತಿದ್ದ ಈ ವಿದ್ಯೆಯನ್ನು ಇಡೀ ಮೈಗೆ ಹಬ್ಬಿಸಿದರು. 1997ರಲ್ಲಿ ಪಿಕ್ಸಾರ್ ಸಂಸ್ಥೆಯ ‘ಗೆರೀಸ್ ಗೇಮ್’ ಎಂಬ ಕಿರುಚಿತ್ರದ ಮುದುಕ, ಸುಕ್ಕುಗಟ್ಟಿದ ಮುಖ ಹೊತ್ತು ತೆರೆಗೆ ಬಂದುದು ಈ ವಿದ್ಯೆಯಿಂದಲೇ.

ಆದರೆ ಇಲ್ಲೊಂದು ತೊಡಕುಂಟು. ಎಲ್ಲ ಮೂಲೆಯನ್ನೂ ಸವರಿದರೆ ಉಗುರಿನ ಅಂಚು, ಡಬ್ಬಿಯ ಮುಚ್ಚಳದ ಅಂಚು ಸಹ ಕರಗಿಹೋಗುತ್ತವೆ. ಆದುದರಿಂದ ಉಳಿಸಬೇಕಾದ ಏಣಿಗೆ ಗುರುತು ಹಾಕುವ ಕ್ರಮವನ್ನು ಪಿಕ್ಸಾರಿನವರು 1998ರಲ್ಲಿ ವಿವರಿಸಿದರು. ಆಕಾರವನ್ನು ಬರೆದವನೇ ಎದುರಿಗಿದ್ದಾಗ ಇದು ಸುಲಭ. ಬೇರೆಯವರು ಕಳಿಸಿದ ಕಡತವಾದರೆ ಕಷ್ಟ. ಮೂರು ಆಯಾಮದ ಮುದ್ರಣಕ್ಕಾಗಿ 1987ರಲ್ಲಿ ಬಳಕೆಗೆ ಬಂದ ಎಸ್‌ಟಿಎಲ್ ಕಡತದಲ್ಲಿ ಇರುವುದು ಬರೀ ತ್ರಿಕೋನಗಳು. ದುಂಡಾಗಿದ್ದ ಕಂಬ ಅದರೊಳಗೆ ಹೊಕ್ಕೊಡನೆ ಹಲವು ಮುಖದ ಕಂಬವಾಗುತ್ತದೆ. ತಾನು ದುಂಡಾಗಿದ್ದೆನೆಂಬ ನೆನಪು ಅದಕ್ಕಿರುವುದಿಲ್ಲ. ಆರು ಮುಖದ ಕೋಲೊಂದು ಕಂಡರೆ ಅದು ಪೆನ್ಸಿಲ್ಲೋ, ಒರಟಾಗಿ ಬರೆದ ಉರುಳೆಯೋ? ಯಂತ್ರ ಊಹಿಸಬಲ್ಲುದೇ ಹೊರತು ತಿಳಿಯಲಾರದು. ಹೀಗಾಗಿ ಮುಖಗಳ ಮಾದರಿಯನ್ನು ನುಣುಪು ಮಾಡಹೊರಟ ಎಂಜಿನಿಯರು ಇಂದಿಗೂ ಪರದೆಯ ಮುಂದೆ ಕುಳಿತು, ಇದು ಇರಲಿ, ಇದು ಹೋಗಲಿ ಎಂದು ಏಣುಗಳನ್ನು ಒಂದೊಂದಾಗಿ ಆರಿಸುತ್ತಾನೆ.