ಶ್ರೀರಂಗಪಟ್ಟಣ ಸೀಮೆಯ ತಂಗುಮನೆಗಳು

ಪಟ್ಟಣವೊಂದರ ಚರಿತ್ರೆಯನ್ನು ಬರೆಯುವವರು ಅದರ ಕೋಟೆ, ದೇವಾಲಯ, ಅರಮನೆಗಳನ್ನು ವಿಸ್ತಾರವಾಗಿ ವರ್ಣಿಸುವುದುಂಟು; ಅಲ್ಲಿಗೆ ಬಂದ ಪರಸ್ಥಳದವನು ರಾತ್ರಿಯನ್ನು ಎಲ್ಲಿ ಕಳೆಯುತ್ತಿದ್ದನೆಂದು ವಿಚಾರಿಸುವವರು ವಿರಳ. ಶ್ರೀರಂಗಪಟ್ಟಣದ ಮಟ್ಟಿಗೆ ಈ ಪ್ರಶ್ನೆ ಕ್ಷುಲ್ಲಕವಾದುದಲ್ಲ. ಹಗಲಿನಲ್ಲಿ ದರಿಯಾ ದೌಲತ್ತನ್ನೂ ಗುಂಬಜನ್ನೂ ನೋಡಿ, ಸಂಜೆಗೆ ಮೈಸೂರಿನ ಹೋಟೆಲನ್ನು ಸೇರಿಕೊಳ್ಳುವ ಪ್ರವಾಸಿಗನ ದಿನಚರಿಯಲ್ಲಿಯೇ ಈ ಊರಿನ ಎರಡು ಶತಮಾನಗಳ ಅವಸ್ಥಾಂತರವು ಅಡಗಿದೆಯೆಂದು ನಮಗೆ ತೋರುತ್ತದೆ.

1800ರಲ್ಲಿ ಇಲ್ಲಿಗೆ ಬಂದ ಫ್ರಾನ್ಸಿಸ್ ಬುಕಾನನ್ ಕೊಡುವ ಲೆಕ್ಕವನ್ನು ಗಮನಿಸಬೇಕು. ಕೋಟೆಯೊಳಗೆ 4163 ಮನೆ, 5499 ಸಂಸಾರ. ಹೊರಪೇಟೆಯಲ್ಲಿ 2216 ಮನೆ, 3335 ಸಂಸಾರ. ಮನೆಗೆ ಐವರಂತೆ ಎಣಿಸಿ ಆತನು ಒಟ್ಟು 31,895 ಜನರೆನ್ನುತ್ತಾನೆ. ಆದರೆ ಆತನ ಅಂಕಿಗಳಂತೆಯೇ ಸಂಸಾರಗಳು ಮನೆಗಳಿಗಿಂತ ಹೆಚ್ಚು. ಸಂಸಾರಕ್ಕೆ ಐವರೆಂದು ಹಿಡಿದರೆ ಮೊತ್ತವು 44,170 ಆಗುತ್ತದೆ. ಯಾವುದು ಸರಿಯೆಂಬ ಚರ್ಚೆ ಹಾಗಿರಲಿ. ಪಟ್ಟಣವು ಬಿದ್ದ ಮರುವರ್ಷವೂ ಒಂದೇ ಸೂರಿನ ಕೆಳಗೆ ಎರಡು ಒಲೆಗಳು ಉರಿಯುತ್ತಿದ್ದ ಮನೆಗಳು ಅನೇಕವಿದ್ದುವೆಂಬುದು ಇದರಿಂದ ವಿದಿತವಾಗುತ್ತದೆ. ಟಿಪ್ಪುವು ಶಿರಾದಿಂದ 12,000 ಸಂಸಾರಗಳನ್ನು ಕರೆತಂದು ಗಂಜಾಮನ್ನು ತುಂಬಿಸಿದನೆಂದು ಪ್ರತೀತಿಯಿದೆ. ಇಂತಹ ಇಕ್ಕಟ್ಟಿನ ಪೇಟೆಯಲ್ಲಿ ಅತಿಥಿಗೆ ಜಗಲಿಯೇ ಹಾಸಿಗೆಯಾಗಿದ್ದಿರಬೇಕೆಂದು ಊಹಿಸಿದರೆ ತಪ್ಪಾಗಲಾರದು.

ಯಾತ್ರಿಕರ ವಿಷಯ ಬೇರೆ. ಪಶ್ಚಿಮವಾಹಿನಿಯ ದಡದಲ್ಲಿಯೂ ಮೇಲುಕೋಟೆಯಲ್ಲಿಯೂ ಅವರಿಗಾಗಿ ಛತ್ರಗಳಿದ್ದುವು, ಮಠಗಳಿದ್ದುವು. ಇವುಗಳಲ್ಲಿ ಬಾಡಿಗೆಯ ಮಾತಿರಲಿಲ್ಲ. ಆದರೆ ಬಂದವನ ಜಾತಿಮತಗಳ ವಿಚಾರಣೆಯಿತ್ತು. ಹಣ ಕೊಟ್ಟವನಿಗೆಲ್ಲ ಕೋಣೆ ಕೊಡುವ ಹೋಟೆಲನ್ನು ಧರ್ಮಛತ್ರದ ಮುಂದೆ ಹೀನವೆಂದು ಎಣಿಸುವ ರೂಢಿಯನ್ನು ನಾವು ಪೂರ್ಣವಾಗಿ ಒಪ್ಪಲಾರದಿರುವುದಕ್ಕೆ ಇದೇ ಕಾರಣ.

1799ರ ಮೇ 4ರ ತರುವಾಯ ವಿಚಿತ್ರವಾದ ಮಾರ್ಪಾಡೊಂದು ಉಂಟಾಯಿತು: ಅರಮನೆಗಳೇ ಬಿಡಾರಗಳಾದುವು. 1784ರಲ್ಲಿ ಕಟ್ಟಿದ ದರಿಯಾ ದೌಲತ್ತಿನಲ್ಲಿ ಆರ್ಥರ್ ವೆಲ್ಲೆಸ್ಲಿಯು ವಾಸಮಾಡಿದನು. ಕಾವೇರಿಯ ಗಾಳಿ, ತೋಟದ ನೆರಳು, ಚಿತ್ರಖಚಿತವಾದ ಗೋಡೆಗಳು, ಕೂಗಳತೆಯಲ್ಲಿ ಪೇಟೆ. ಇಷ್ಟು ಸುಖಕರವಾದ ತಂಗುದಾಣವು ಈ ಸೀಮೆಯಲ್ಲಿ ಮತ್ತೊಂದಿರಲಿಲ್ಲ. ಆದರೆ ರಾಜಧಾನಿಯು ಮೈಸೂರಿಗೆ ಹೋಯಿತು. ಜ್ವರದ ಬಾಧೆಯಿಂದ 1809ರಲ್ಲಿ ದಂಡು ಬೆಂಗಳೂರಿಗೆ ಹೋಯಿತು. ಪೇಟೆ ಬರಿದಾಯಿತು. ಗಂಜಾಮಿನ ಲಾಲ್‌ಬಾಗ್ ಅರಮನೆಯ ತೊಲೆಗಳು ನೀಲಗಿರಿಯನ್ನೇರಿ ಉದಕಮಂಡಲದ ಸಂತ ಸ್ಟೀಫನ್ನರ ಚರ್ಚಿನ ಮಾಡನ್ನು ಹೊತ್ತುವು. ವಸತಿಯೊಂದು ಊರು ಬಿಟ್ಟು ಹೋದುದಕ್ಕೆ ಇದಕ್ಕಿಂತ ಪ್ರತ್ಯಕ್ಷವಾದ ನಿದರ್ಶನವು ಬೇಕಿಲ್ಲ.

ನೆರೆಯ ಊರುಗಳ ಬಗೆಗೆ ಹೇಳಬೇಕಾದುದು ಸ್ವಲ್ಪ. ಪಾಂಡವಪುರಕ್ಕೆ, ಅಂದರೆ ಹಿಂದಿನ ಹಿರೋಡೆಗೆ, ಫ್ರೆಂಚ್ ರಾಕ್ಸ್ ಎಂಬ ಹೆಸರು ಬಂದುದೇ ಹೈದರ್ ಟಿಪ್ಪುಗಳ ಸೇವೆಯಲ್ಲಿದ್ದ ಫ್ರೆಂಚ್ ಸೈನಿಕರ ಬೀಡಿನಿಂದ. ತಂಗಿದವರು ಹೋದರೂ ತಂಗಿದ ಹೆಸರು ಬಹುಕಾಲ ಉಳಿಯಿತು. ಅತ್ತಿಕುಪ್ಪೆಯು ಕೃಷ್ಣರಾಜಪೇಟೆಯಾಯಿತು, ಹೊಸಹೊಳಲು, ಕಿಕ್ಕೇರಿಗಳ ಹೊಯ್ಸಳ ಗುಡಿಗಳನ್ನು ನೋಡಬಂದವರಿಗೆ ಅದು ಮಾರ್ಗಮಧ್ಯದ ಊರು. ಸೌಮ್ಯಕೇಶವನ ನಾಗಮಂಗಲವು 1792ರ ಮರಾಠರ ದಾಳಿಯಲ್ಲಿ ಹಾಳಾಯಿತು.

ಆಧುನಿಕ ಅರ್ಥದ ಸುಖವಸತಿಯು ಈ ತಾಲ್ಲೂಕಿಗೆ ಬಂದುದು ಕನ್ನಂಬಾಡಿಯ ಕಟ್ಟೆಯೊಡನೆ. 1911ರಲ್ಲಿ ಆರಂಭವಾದ ಕಟ್ಟೆಯ ಕೆಳಗೆ, ಮಿರ್ಜಾ ಇಸ್ಮಾಯಿಲರ ದಿವಾನಗಿರಿಯಲ್ಲಿ ಬೃಂದಾವನ ತೋಟವು ರೂಪುಗೊಂಡಿತು. ಅದರ ಮಗ್ಗುಲಲ್ಲಿ ಹೋಟೆಲ್ ಕೃಷ್ಣರಾಜಸಾಗರವು ನಿಂತಿತು. ಮೈಸೂರಿನಲ್ಲಿ ವೈಸ್‌ರಾಯರಿಗಾಗಿ 1921ರಲ್ಲಿ ಕಟ್ಟಿದ ಲಲಿತಮಹಲು 1974ರಲ್ಲಿ ಹೋಟೆಲಾಯಿತು. ಎರಡರಲ್ಲಿಯೂ ಸೌಕರ್ಯಕ್ಕೆ ಕೊರತೆಯಿರಲಿಲ್ಲ. ಆದರೆ ಕಿಟಕಿ ತೆರೆದರೆ ಕಾಣುವುದು ಒಂದೆಡೆ ಕಾರಂಜಿ, ಇನ್ನೊಂದೆಡೆ ಹುಲ್ಲುಹಾಸು. ಹೂವಿನವಳ ಕೂಗಾಗಲಿ ತೇರುಬೀದಿಯ ಗದ್ದಲವಾಗಲಿ ಅಲ್ಲಿಗೆ ಕೇಳಿಸದು. ಪೇಟೆಯ ನಡುವೆ ಇದ್ದು ಊರನ್ನು ಅರಿಯುವ ಸುಖವೇ ಬೇರೆ.

ಆ ಸುಖವು ಶ್ರೀರಂಗಪಟ್ಟಣದಲ್ಲಿ ಒಂದು ಕಾಲಕ್ಕೆ ಯಾರಿಗೆ, ಎಷ್ಟರಮಟ್ಟಿಗೆ ದೊರೆಯುತ್ತಿದ್ದಿತೆಂಬುದನ್ನು ಇನ್ನು ಕಟ್ಟಡಗಳೇ ಹೇಳಬೇಕು. ರೈಲುಮಾರ್ಗದ ಜೋಡಣೆಗಾಗಿ ಟಿಪ್ಪುವಿನ ಮದ್ದಿನಮನೆಯೊಂದನ್ನು 2017ರಲ್ಲಿ ಇಡಿಯಾಗಿ ಎತ್ತಿ ಸ್ಥಳಾಂತರಿಸಲಾಯಿತು. ಛತ್ರದ ಕುಸಿದ ಗೋಡೆಗೆ ಅಂತಹ ಮರ್ಯಾದೆ ಸಲ್ಲುವುದೆಂದು ನಾವು ನಿರೀಕ್ಷಿಸುವುದಿಲ್ಲ. ಪಶ್ಚಿಮವಾಹಿನಿಯ ಛತ್ರಗಳಿಂದ ಮೊದಲುಗೊಂಡು ಅಂಕಣಗಳನ್ನು ಅಳೆದು, ಅಡುಗೆಮನೆಗಳು ಎಷ್ಟು, ಪ್ರತ್ಯೇಕ ಬಾಗಿಲುಗಳು ಎಷ್ಟು ಎಂಬುದನ್ನು ನಮ್ಮ ವಿದ್ಯಾರ್ಥಿಗಳು ಮುಂದಿನ ಮಳೆಗಾಲಕ್ಕೆ ಮೊದಲೇ ಬರೆದಿಡಬಹುದು.