ಸಾಕ್ಷಿ: ಕಣ್ಣಿಂದ ಹುಟ್ಟಿದ ಪದ

ಗುಂಡ್ಲುಪೇಟೆಯಲ್ಲೋ ಚಾಮರಾಜನಗರದಲ್ಲೋ ಜಮೀನಿನ ಕ್ರಯಪತ್ರ ಆಗುವ ದಿನ ನೋಂದಣಿ ಕಚೇರಿಯ ಮುಂದೆ ಒಂದು ಕೂಗು ಕೇಳುತ್ತದೆ: "ಒಂದ್ ಸಾಕ್ಸಿ ಆಕ್ಬುಡು ಬಾ ಕನಣ್ಣ." ಕರೆಸಿಕೊಂಡವನು ಬರುತ್ತಾನೆ, ಕೊಡುವವರನ್ನೂ ಕೊಳ್ಳುವವರನ್ನೂ ನೋಡುತ್ತಾನೆ, ಪತ್ರದ ಕೊನೆಗೆ ರುಜು ಹಾಕುತ್ತಾನೆ. ಪತ್ರದ ಒಕ್ಕಣೆಯನ್ನು ಅವನು ಪೂರ್ತಿ ಓದದೆಯೂ ಇರಬಹುದು. ಆದರೆ ಅವನು ಅಲ್ಲಿದ್ದ, ಕಂಡ. ಆ ಕಂಡದ್ದಕ್ಕೇ ಬೆಲೆ. 'ಸಾಕ್ಷಿ' ಎಂಬ ಪದದ ಪ್ರಾಣವೆಲ್ಲ ಈ ಒಂದು ಕ್ರಿಯೆಯಲ್ಲಿದೆ.

ಪದವನ್ನು ಬಿಡಿಸಿದರೆ ಒಳಗೆ ಕಣ್ಣು ಸಿಗುತ್ತದೆ: 'ಸ' ಎಂದರೆ ಕೂಡಿದ, 'ಅಕ್ಷಿ' ಎಂದರೆ ಕಣ್ಣು. ನೇರವಾಗಿ ಕಂಡವನಿಗೆ ಸಲ್ಲುವ ಹೆಸರೆಂದೇ ಪಾಣಿನಿ ತನ್ನ ವ್ಯಾಕರಣದಲ್ಲಿ ಇದನ್ನು ಸಾಧಿಸುತ್ತಾನೆ. ಪ್ರತ್ಯಕ್ಷ, ಪರೋಕ್ಷ, ಅಧ್ಯಕ್ಷ ಇವೆಲ್ಲ ಇದೇ ಕಣ್ಣಿನ ಬಳಗ. ಕಣ್ಣೆದುರಿನದು ಪ್ರತ್ಯಕ್ಷ, ಕಣ್ಣಿಗೆ ಆಚೆಯದು ಪರೋಕ್ಷ, ಮೇಲಿಂದ ಕಣ್ಣಿಟ್ಟವನು ಅಧ್ಯಕ್ಷ. ಪ್ರಾಕೃತದಲ್ಲಿ ನಮ್ಮ ಪದ 'ಸಕ್ಖಿ' ಆಯಿತು. ಉತ್ತರದಲ್ಲಿ 'ಸಾಖಿ' ಆಗಿ ಕಬೀರರ ದ್ವಿಪದಿಗಳ ಹೆಸರಾಯಿತು. ಕಂಡುಂಡ ಸತ್ಯವನ್ನು ನುಡಿಯುವ ಪದ್ಯವೂ ಸಾಕ್ಷಿಯೇ. ಚಾಮರಾಜನಗರದಿಂದ ದಿಂಬಂ ಘಾಟಿ ಇಳಿದು ಸತ್ಯಮಂಗಲ ಸೇರಿದರೆ ಅದೇ ಪದ ತಮಿಳಿನಲ್ಲಿ 'ಸಾಟ್ಚಿ'.

ಚಾಮರಾಜನಗರದ ಈ ಸೀಮೆ ಗಂಗರ ಗಂಗವಾಡಿಗೆ ಸೇರಿತ್ತು. ಗಂಗರಸರ ತಾಮ್ರಪಟಗಳು ದಾನವನ್ನು ದಾಖಲಿಸಿ, ತೊಂಬತ್ತಾರು ಸಾವಿರ ನಾಡಿನ ಪ್ರಜೆಗಳೇ ಇದಕ್ಕೆ ಸಾಕ್ಷಿ ಎನ್ನುತ್ತವೆ. ಅರಸ ತಾನು ಕೊಟ್ಟೆನೆಂದು ಹೇಳಿಕೊಂಡರೆ ಸಾಲದು, ಕೊಟ್ಟದ್ದನ್ನು ನಾಡು ಕಂಡಿರಬೇಕು. ವಿಜಯನಗರದ ಕಾಲದ ಪಟಗಳಲ್ಲಿ ಸಾಕ್ಷಿಗಳ ಸಾಲು ಇನ್ನೂ ಬೆಳೆಯಿತು. ಸೂರ್ಯ, ಚಂದ್ರ, ಗಾಳಿ, ಬೆಂಕಿ, ಆಕಾಶ, ಭೂಮಿ, ನೀರು, ಹಗಲಿರುಳುಗಳು ಮನುಷ್ಯನ ನಡತೆಯನ್ನು ಬಲ್ಲವೆಂದು ಸಾರುವ ಶ್ಲೋಕ ಅವುಗಳಲ್ಲಿ ಮತ್ತೆ ಮತ್ತೆ ಬರುತ್ತದೆ. ಮನುಷ್ಯ ಸಾಯುತ್ತಾನೆ, ಸೂರ್ಯಚಂದ್ರರು ಕಾಣುತ್ತಲೇ ಇರುತ್ತಾರೆ. ಮದುವೆಯಲ್ಲಿ ಬೆಂಕಿಯನ್ನು ಸಾಕ್ಷಿಗೆ ಕರೆಯುವುದೂ ಇದೇ ನಂಬಿಕೆಯಿಂದ. 2013ರಲ್ಲಿ ಕನ್ನಡ ಕಿರುತೆರೆಗೆ ಬಂದು ವರ್ಷಗಟ್ಟಲೆ ನಡೆದ ಒಂದು ಧಾರಾವಾಹಿಗೂ 'ಅಗ್ನಿಸಾಕ್ಷಿ' ಎಂದೇ ಹೆಸರು.

ಹೊರಗಿನ ಕಣ್ಣು ಆಮೇಲೆ ಒಳಗೂ ತೆರೆಯಿತು. ಅದ್ವೈತಿಗಳಿಗೆ ಸಾಕ್ಷಿ ಎಂದರೆ ಯಾವುದಕ್ಕೂ ಅಂಟದೆ ಎಲ್ಲವನ್ನೂ ಕಾಣುತ್ತಿರುವ ಚೈತನ್ಯ. ಮಧ್ವಮತದಲ್ಲಿ ಅದು ಜೀವಾತ್ಮನ ಸ್ವರೂಪವೇ ಆದ ಇಂದ್ರಿಯ. ಅರಿವು ಸರಿಯೋ ತಪ್ಪೋ ಎಂಬ ಕೊನೆಯ ತೀರ್ಪು ಅದರದು. ಶಾಸ್ತ್ರ ಓದದವರೂ ಅದನ್ನು ಬಲ್ಲರು, 'ಮನಸ್ಸಾಕ್ಷಿ' ಎಂಬ ಹೆಸರಿನಲ್ಲಿ.

ನ್ಯಾಯಾಲಯವೂ ಈ ಪದದ ಮೂಲವನ್ನು ಬಿಟ್ಟುಕೊಟ್ಟಿಲ್ಲ. 1872ರ ಸಾಕ್ಷ್ಯ ಕಾಯಿದೆಯ 60ನೆಯ ಕಲಮು ಬಾಯಿಮಾತಿನ ಸಾಕ್ಷ್ಯ ನೇರವಾಗಿರಬೇಕು ಎನ್ನುತ್ತಿತ್ತು: ಕಾಣಬಹುದಾದ ಸಂಗತಿಯನ್ನು ಕಂಡವನೇ ಹೇಳಬೇಕು. ಪಾಣಿನಿ ಕೊಟ್ಟ ಅರ್ಥವೇ ಅಲ್ಲಿ ಕಾನೂನಾಯಿತು. 2024ರ ಜುಲೈ 1ರಿಂದ ಅದರ ಜಾಗಕ್ಕೆ ಬಂದಿರುವ ಹೊಸ ಕಾನೂನಿನ ಹೆಸರೇ 'ಭಾರತೀಯ ಸಾಕ್ಷ್ಯ ಅಧಿನಿಯಮ'.

ಇಷ್ಟು ತೂಕದ ಪದವನ್ನು ಕನ್ನಡಿಗರು ಸಿನಿಮಾದ ಒಂದು ಬಗೆಗೂ ಕೊಟ್ಟರು. ಡಾಕ್ಯುಮೆಂಟರಿಗೆ ಹಿಂದಿಯವರು 'ವೃತ್ತಚಿತ್ರ' ಎಂದರು, ನಡೆದದ್ದನ್ನು ಹೇಳುವ ಚಿತ್ರ. ಮರಾಠಿಯವರು 'ಮಾಹಿತೀಪಟ' ಎಂದರು. ನಾವು 'ಸಾಕ್ಷ್ಯಚಿತ್ರ' ಎಂದೆವು. ಇಂಗ್ಲಿಷ್ ಪದದ ಲ್ಯಾಟಿನ್ ಬೇರಿನಲ್ಲಿ 'ಕಲಿಸು' ಎಂಬ ಅರ್ಥವಿದೆ. ಕಾಣುವ ಅರ್ಥವನ್ನು ಅದಕ್ಕೆ ತಂದುಕೊಟ್ಟದ್ದು ಕನ್ನಡ. ಹಾಗೆ ತಂದವರು ಒಂದು ಹೊಣೆಯನ್ನೂ ತಂದರು. ಸಾಕ್ಷ್ಯಚಿತ್ರ ಎಂದ ಮೇಲೆ ಅದರಲ್ಲಿ ಕಂಡದ್ದು ಇರಬೇಕು.

ಈ ಹೊಣೆಗೆ ಕಷ್ಟ ಬರುವುದು ಅರಮನೆಯ ಕಥೆಗಳಲ್ಲಿ. ಇಂಗ್ಲೆಂಡಿನ ಟ್ಯೂಡರ್ ಮನೆತನದ ಎಂಟನೆಯ ಹೆನ್ರಿ ಮತ್ತು ಅವನ ಆರು ಮಂದಿ ರಾಣಿಯರ ಬಾಳನ್ನು ಅಲ್ಲಿನ ಟಿವಿ ಮತ್ತೆ ಮತ್ತೆ ತೋರಿಸಿದೆ. 2016ರ ಬಿಬಿಸಿ ಸರಣಿಯಲ್ಲಿ ಇತಿಹಾಸಕಾರ್ತಿ ಲೂಸಿ ವರ್ಸ್ಲಿ ದಾಸಿಯ ಉಡುಪು ತೊಟ್ಟು ನಟನಟಿಯರ ನಡುವೆ ನಿಂತರು. ರಾಣಿ ಅಳುವಾಗ ಅವರು ಮೂಲೆಯಲ್ಲಿದ್ದು ನೋಡುತ್ತಾರೆ, ಆಮೇಲೆ ನಮ್ಮತ್ತ ತಿರುಗಿ ವಿವರಿಸುತ್ತಾರೆ. ನೋಡುವವರಿಗೆ ಅವರು ಕಂಡವರೇ ಆಗಿಬಿಡುತ್ತಾರೆ. ಆದರೆ ಆನ್ ಬೊಲೀನ್ ರಾಣಿಯ ತಲೆ ಕಡಿದದ್ದು 1536ರ ಮೇ 19ರಂದು. ಆ ಕಾಲದ ಎಷ್ಟೋ ಸಂಗತಿ ನಮಗೆ ತಿಳಿದಿರುವುದು ಶಾಪ್ವಿ ಎಂಬ ರಾಯಭಾರಿಯ ಓಲೆಗಳಿಂದ. ಅವನು ಆನ್‌ಳನ್ನು ದ್ವೇಷಿಸುತ್ತಿದ್ದ. ಬರೆದದ್ದರಲ್ಲಿ ಬಹುಪಾಲು ಕಂಡದ್ದಲ್ಲ, ಕೇಳಿದ್ದು.

ನಮ್ಮಲ್ಲೂ ಅಂಥ ದೃಶ್ಯವೊಂದಿದೆ, ಚಾಮರಾಜನಗರದ್ದೇ. ಊರಿಗೆ ಆಗ ಅರಿಕುಠಾರ ಎಂದು ಹೆಸರು. ಅಲ್ಲಿ 1774ರಲ್ಲಿ ಹುಟ್ಟಿದ ಕೂಸು ಮುಂದೆ ಖಾಸಾ ಚಾಮರಾಜ ಒಡೆಯರು. 1776ರಲ್ಲಿ ಮೈಸೂರಿನ ಅರಸರು ಮಕ್ಕಳಿಲ್ಲದೆ ತೀರಿಕೊಂಡಾಗ ಹೈದರಾಲಿ ಅರಸು ಮನೆತನಗಳ ಮಕ್ಕಳನ್ನು ಕರೆಸಿದನಂತೆ. ಆಟಿಕೆ, ಹಣ್ಣು, ಆಯುಧಗಳನ್ನು ಹರಡಿಸಿದನಂತೆ. ಬೇರೆ ಮಕ್ಕಳು ತಿಂಡಿ ಆಟಿಕೆಗಳಿಗೆ ಮುಗಿಬಿದ್ದರೆ ಈ ಕೂಸು ಒಂದು ಕೈಯಲ್ಲಿ ಹೊಳೆಯುವ ಕಠಾರಿಯನ್ನೂ ಇನ್ನೊಂದರಲ್ಲಿ ನಿಂಬೆಹಣ್ಣನ್ನೂ ಎತ್ತಿಕೊಂಡಿತಂತೆ. ಇವನೇ ರಾಜನೆಂದು ಹೈದರ್ ಅಪ್ಪಿಕೊಂಡನಂತೆ.

ಕ್ಯಾಮೆರಾಕ್ಕೆ ಹೇಳಿಮಾಡಿಸಿದ ದೃಶ್ಯ. ಆದರೆ ಮೇಲಿನ 'ಅಂತೆ'ಗಳನ್ನು ಗಮನಿಸಿ. ಈ ಕಥೆಯನ್ನು ಬರೆದಿಟ್ಟವರು ಮಾರ್ಕ್ ವಿಲ್ಕ್ಸ್. ಅವರ ಮೈಸೂರು ಇತಿಹಾಸದ ಮೂರು ಸಂಪುಟಗಳು ಹೊರಬಂದದ್ದು 1810ರಿಂದ 1817ರವರೆಗೆ. ಮೈಸೂರಿನಲ್ಲಿ ಬ್ರಿಟಿಷ್ ರೆಸಿಡೆಂಟ್ ಆಗಿದ್ದು ಹಳಬರ ಬಾಯಿಂದ ಸಂಗತಿಗಳನ್ನು ಕಲೆಹಾಕಿದವರು ಅವರು. 1776ರಲ್ಲಿ ಅವರಿನ್ನೂ ಭಾರತಕ್ಕೇ ಬಂದಿರಲಿಲ್ಲ. ಕನ್ನಡದ 'ಅಂತೆ' ಎರಡಕ್ಷರದಲ್ಲಿ ಇದನ್ನೆಲ್ಲ ಹೇಳಿಬಿಡುತ್ತದೆ: ನಾನು ಕಂಡಿಲ್ಲ, ಕೇಳಿದ್ದೇನೆ. ಸಾಕ್ಷಿಗೂ ಕಥೆಗೂ ನಡುವಿನ ಗಡಿಕಲ್ಲು ಈ 'ಅಂತೆ'. ತೆರೆಯ ಮೇಲಿನ ಅಭಿನಯಕ್ಕೆ 'ಅಂತೆ' ಎನ್ನಲು ಬರುವುದಿಲ್ಲ. ಕಠಾರಿ ಹಿಡಿದ ಮಗು ಕಣ್ಣೆದುರಿಗೇ ಬಂದು ನಿಲ್ಲುತ್ತದೆ, ಕೇಳಿದ್ದೆಲ್ಲ ಕಂಡದ್ದಾಗಿಬಿಡುತ್ತದೆ.

ಆ ಕೂಸಿನ ಮಗ ಮುಮ್ಮಡಿ ಕೃಷ್ಣರಾಜ ಒಡೆಯರು ತಂದೆಯ ಹೆಸರನ್ನು 1818ರಲ್ಲಿ ಊರಿಗಿಟ್ಟರು, 1826ರಲ್ಲಿ ಚಾಮರಾಜೇಶ್ವರ ದೇವಾಲಯ ಕಟ್ಟಿಸಿದರು, ತಂದೆ ಹುಟ್ಟಿದ ಜಾಗದಲ್ಲಿ ಜನನ ಮಂಟಪ ನಿಲ್ಲಿಸಿದರು. ಅತ್ತ ಗುಂಡ್ಲುಪೇಟೆಯಲ್ಲಿ ಚಿಕ್ಕದೇವರಾಜ ಒಡೆಯರು ತಮ್ಮ ತಂದೆಯ ನೆನಪಿಗೆ ಪರವಾಸುದೇವ ದೇವಾಲಯ ಕಟ್ಟಿಸಿದ್ದರು. ಇವು ಸಾಕ್ಷಿಗಳು. ಕಠಾರಿಗಲ್ಲ, ನಿಂಬೆಹಣ್ಣಿಗೂ ಅಲ್ಲ; ಅಪ್ಪನನ್ನು ಮರೆಯದ ಇಬ್ಬರು ಮಕ್ಕಳಿಗೆ. ಕಲ್ಲು ತಾನು ಕಂಡಷ್ಟನ್ನೇ ಹೇಳುತ್ತದೆ. ಇದೇ ಜಿಲ್ಲೆಯ ಮಲೆಯೂರಿನ ದೇವಚಂದ್ರನೂ ಅರಸರ ಚರಿತ್ರೆಯನ್ನು ಹತ್ತೊಂಬತ್ತನೆಯ ಶತಮಾನದಲ್ಲಿ ಬರೆದಾಗ ತನ್ನ ಕೃತಿಯನ್ನು 'ರಾಜಾವಳಿ ಕಥೆ' ಎಂದು ಕರೆದ. ಕಥೆಯನ್ನು ಕಥೆ ಎಂದು ಕರೆದವನನ್ನು ನಂಬಬಹುದು.

ಅರಸರ ಬಾಳನ್ನು ನಟರಿಂದ ಆಡಿಸಿ ತೋರಿಸುವುದು ತಪ್ಪಲ್ಲ. ಓದು ಬಾರದವರಿಗೂ ಇತಿಹಾಸ ತಲುಪುವ ದಾರಿ ಅದು. ಆದರೆ ಮೈಸೂರು ಅರಸರ ಬಗ್ಗೆ ಅಂಥ ಚಿತ್ರ ಮಾಡುವವರಲ್ಲಿ ಒಂದು ಕೋರಿಕೆ: ಅಭಿನಯದ ದೃಶ್ಯ ಬಂದಾಗ ತೆರೆಯ ಅಂಚಿನಲ್ಲಿ 'ವಿಲ್ಕ್ಸ್ ಬರೆದಂತೆ', 'ಜನ ಹೇಳುವಂತೆ' ಎಂದು ಒಂದು ಸಾಲು ಹಾಕಿ. ತೆರೆಗೆ ಬಾರದ 'ಅಂತೆ'ಯನ್ನು ಆ ಸಾಲು ನುಡಿಯುತ್ತದೆ. ಕಂಡದ್ದನ್ನೂ ಕೇಳಿದ್ದನ್ನೂ ಬೇರೆಯಾಗಿಡುವುದು: ಪತ್ರದ ಕೊನೆಗೆ ರುಜು ಹಾಕುವ ಅಣ್ಣ ಹೊರುವ ಹೊಣೆಯೂ ಅದೇ. ನೋಡುವ ನಮಗಂತೂ ಗಾದೆ ಮೊದಲೇ ಹೇಳಿಟ್ಟಿದೆ: ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು.